ಪದರಗಳ ಅಟ್ಟಿಯೊಳಗೆ ಬೆಳಕು: ವಿದ್ಯುತ್ಕಾಂತೀಯ ಕ್ಷೇತ್ರವನ್ನು ಸ್ವಂತ ಕೋಡಿನಲ್ಲಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಕ್ಯಾಮೆರಾ ಲೆನ್ಸಿನ ಮೇಲಿನ ನೇರಳೆ ಛಾಯೆ, ಲೇಸರಿನ ಕನ್ನಡಿ, ಓಎಲ್‌ಇಡಿ ಪರದೆ, ತೆಳುಪೊರೆಯ ಸೌರಕೋಶ: ಇವೆಲ್ಲದರ ಒಡಲಲ್ಲಿರುವುದು ಒಂದೇ ರಚನೆ. ಚಪ್ಪಟೆ ಪದರಗಳು, ಒಂದರ ಮೇಲೊಂದು. ಅಡ್ಡಕ್ಕೆ ಹೋದರೆ ಏನೂ ಬದಲಾಗುವುದಿಲ್ಲ, ಆಳಕ್ಕೆ ಇಳಿದರೆ ಮಾತ್ರ ವಸ್ತು ಬದಲಾಗುತ್ತದೆ. ಈ ಒಂದು ಅನುಕೂಲ ಸಾಕು, ಮ್ಯಾಕ್ಸ್‌ವೆಲ್ ಸಮೀಕರಣಗಳು ಮೂರು ಆಯಾಮದಿಂದ ಒಂದಕ್ಕೆ ಇಳಿಯುತ್ತವೆ. ಪ್ರತಿ ಪದರದೊಳಗೂ ಕೆಳಗೆ ಹೋಗುವ ಒಂದು ತರಂಗ, ಮೇಲೆ ಬರುವ ಒಂದು ತರಂಗ. ನಮಗೆ ತಿಳಿಯದಿರುವುದು ಅವೆರಡರ ಪ್ರಮಾಣ, ಅಷ್ಟೇ.

ಹಾಗಾಗಿ ಇಂಥ ರಚನೆಗೆ, ಜಾಗವನ್ನೆಲ್ಲ ಚೌಕಳಿಗಳಾಗಿ ಕತ್ತರಿಸಿ ಕಾಲದಲ್ಲಿ ಹೆಜ್ಜೆ ಹಾಕುವ ವಿಧಾನದ (1966ರಲ್ಲಿ ಯೀ ಕೊಟ್ಟದ್ದು) ಹಿಂದೆ ಮೊದಲೇ ಓಡಬೇಡಿ. ಚಿನ್ನದ ಪದರದಲ್ಲಿ ಕ್ಷೇತ್ರ ಮೂವತ್ತು ನ್ಯಾನೊಮೀಟರಿನೊಳಗೆ ಕರಗಿಹೋಗುತ್ತದೆ. ಅದನ್ನು ಹಿಡಿಯಲು ಒಂದು ನ್ಯಾನೊಮೀಟರ್ ಗಾತ್ರದ ಚೌಕಳಿ ಬೇಕು, ಪಕ್ಕದ ಗಾಳಿಗೆ ಮಾತ್ರ ಮೈಕ್ರೋಮೀಟರುಗಟ್ಟಲೆ ಜಾಗ ಬೇಕು. ಗಂಟೆಗಳ ಆ ಕೆಲಸವನ್ನು ಇಲ್ಲಿ ನಲವತ್ತು ಸಾಲಿನ ಕೋಡು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಭೌತಶಾಸ್ತ್ರ ಸುಲಭ. ಜನ ಎಡವುವುದು ಚಿಹ್ನೆಗಳಲ್ಲಿ ಮತ್ತು ಬೆಳೆಯುವ ಘಾತಗಳಲ್ಲಿ. ಈ ಬರಹದ ಹೆಚ್ಚಿನ ಭಾಗ ಅವೆರಡರ ಸುತ್ತಲೇ ಇದೆ.

ಮೊದಲು ಚಿಹ್ನೆ ತೀರ್ಮಾನಿಸಿ

ಕೋಡಿನ ಮೊದಲ ಸಾಲಿಗೂ ಮುಂಚೆ ಒಂದು ಕಾಮೆಂಟ್ ಬರೆಯಿರಿ: ಕಾಲದೊಂದಿಗೆ ಕ್ಷೇತ್ರ ಹೇಗೆ ಬದಲಾಗುತ್ತದೆ ಎಂದು ನಾನು ಒಪ್ಪಿಕೊಂಡಿದ್ದೇನೆ? ಭೌತಶಾಸ್ತ್ರದವರು ಸಾಮಾನ್ಯವಾಗಿ ಕಾಲದ ಘಾತಕ್ಕೆ ಋಣ ಚಿಹ್ನೆ ಇಡುತ್ತಾರೆ. ಆಗ ಬೆಳಕು ಹೀರುವ ವಸ್ತುವಿನ ವಕ್ರೀಭವನಾಂಕದ ಕಾಲ್ಪನಿಕ ಭಾಗ ಧನಾತ್ಮಕ. ವಿದ್ಯುತ್ ಎಂಜಿನಿಯರುಗಳು ಧನ ಚಿಹ್ನೆ ಇಡುತ್ತಾರೆ. ಆಗ ಅದೇ ಭಾಗ ಋಣಾತ್ಮಕ. ಎರಡೂ ಸರಿ, ಬೆರಕೆ ಮಾತ್ರ ತಪ್ಪು. ನಾನು ಮೊದಲ ಸಲ ಬರೆದ ಕೋಡಿನಲ್ಲಿ ವಸ್ತುವಿನ ಅಂಕಿಅಂಶ ಒಂದು ಪದ್ಧತಿಯದು, ಸೂತ್ರ ಇನ್ನೊಂದರದ್ದು. ಚಿನ್ನದ ಪದರ ಬೆಳಕನ್ನು ಹೀರುವ ಬದಲು ಹುಟ್ಟಿಸತೊಡಗಿತು. ಎರಡು ದಿನ ಮ್ಯಾಟ್ರಿಕ್ಸುಗಳನ್ನು ಅನುಮಾನಿಸಿದ ಮೇಲೆ ಕಣ್ಣಿಗೆ ಬಿದ್ದದ್ದು ಒಂದು ಋಣ ಚಿಹ್ನೆ.

ಇಲ್ಲಿ ಮೊದಲ ಪದ್ಧತಿಯನ್ನೇ ಹಿಡಿಯೋಣ. ಕೆಳಗೆ ಬರುವ ಅಕ್ಷರಗಳು ಇವು: ಐ ಎಂದರೆ √−1; ತ ಎಂದರೆ ನಿರ್ವಾತದ ತರಂಗದೂರ; ವ = 2 × ಪೈ / ತ; ನ ಎಂದರೆ ಪದರದ ವಕ್ರೀಭವನಾಂಕ, ಸಂಮಿಶ್ರ ಸಂಖ್ಯೆ; ದ ಎಂದರೆ ಪದರದ ದಪ್ಪ. ಪದರಗಳನ್ನು ಬೆಳಕು ಬರುವ ಬದಿಯಿಂದ 0, 1, 2 ಎಂದು ಎಣಿಸೋಣ. ಮೊದಲನೆಯದೂ ಕೊನೆಯದೂ ಅನಂತ ದಪ್ಪದ ಮಾಧ್ಯಮಗಳು.

ಕೋನವನ್ನು ಬಾಗಿಲಲ್ಲೇ ಬಿಡಿ

ಪಠ್ಯಪುಸ್ತಕಗಳು ಪ್ರತಿ ಪದರದಲ್ಲೂ ಸ್ನೆಲ್ ನಿಯಮದಿಂದ ಹೊಸ ಕೋನ ಹುಡುಕಿ, ಅದರ ಕೊಸೈನ್ ಹಾಕುತ್ತವೆ. ಲೋಹದೊಳಗೆ ಆ ಕೋನ ಸಂಮಿಶ್ರ ಸಂಖ್ಯೆಯಾಗುತ್ತದೆ, ಅದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲು ಹೋದರೆ ತಲೆ ಕೆಡುತ್ತದೆ. ಅದರ ಬದಲು, ಪದರಗಳಿಗೆ ಸಮಾಂತರವಾದ ತರಂಗ ಸದಿಶದ ಘಟಕವನ್ನು ಹಿಡಿಯಿರಿ. ಅಡ್ಡಕ್ಕೆ ಏನೂ ಬದಲಾಗದ ರಚನೆಯಲ್ಲಿ ಆ ಘಟಕ ಎಲ್ಲ ಪದರಗಳಲ್ಲೂ ಒಂದೇ; ಸ್ನೆಲ್ ನಿಯಮ ಹೇಳುವುದೂ ಇದನ್ನೇ. ಅದನ್ನು ಸ ಎನ್ನೋಣ:

ಸ = ವ × ನ(0) × ಸೈನ್(ಪತನ ಕೋನ)

ಪ್ರತಿ ಪದರದ ಲಂಬ ಘಟಕ:

ಲ = √(ನ² × ವ² − ಸ²)

ನಿಮ್ಮ ಮುಖ್ಯ ಫಂಕ್ಷನ್ ಕೋನವನ್ನು ತೆಗೆದುಕೊಳ್ಳಬಾರದು, ಸ ಅನ್ನೇ ತೆಗೆದುಕೊಳ್ಳಬೇಕು. ಕೋನದಿಂದ ಸ ಗೆ ಬದಲಿಸುವ ಒಂದು ಸಾಲು ಹೊರಗಿರಲಿ. ಇದರ ಲಾಭ ಕೊನೆಯಲ್ಲಿ, ಪದರಗಳ ನಡುವೆ ಕೂತ ಅಣು ಬೆಳಕು ಹೊಮ್ಮಿಸುವ ಲೆಕ್ಕಕ್ಕೆ ಬಂದಾಗ ತಿಳಿಯುತ್ತದೆ.

ಈ ವರ್ಗಮೂಲದಲ್ಲಿ ಒಂದು ಗುಂಡಿ ಇದೆ. ವರ್ಗಮೂಲಕ್ಕೆ ಎರಡು ಉತ್ತರ. ನಮಗೆ ಬೇಕಾದದ್ದು ಆಳಕ್ಕೆ ಹೋದಂತೆ ಕುಗ್ಗುವಂಥದ್ದು, ಅಂದರೆ ಲ ದ ಕಾಲ್ಪನಿಕ ಭಾಗ ಋಣಾತ್ಮಕವಾಗಬಾರದು. ಅದು ಶೂನ್ಯವಾದರೆ ವಾಸ್ತವ ಭಾಗ ಧನಾತ್ಮಕವಾಗಿರಬೇಕು. ಪೈಥಾನಿನಲ್ಲಿ −1 ರ ಕಾಲ್ಪನಿಕ ಭಾಗ "ಋಣ ಶೂನ್ಯ"ವಾಗಿದ್ದರೆ ವರ್ಗಮೂಲ ಐ ಬದಲು −ಐ ಆಗಿ ಬರುತ್ತದೆ. ಹೌದು, ಕಂಪ್ಯೂಟರಿನಲ್ಲಿ ಶೂನ್ಯಕ್ಕೂ ಋಣ ಚಿಹ್ನೆ ಇರುತ್ತದೆ. ನಂಪೈಯಲ್ಲಿ ವಾಸ್ತವ ಸಂಖ್ಯೆಯ ಅರೇ ಕೊಟ್ಟು ಋಣ ಸಂಖ್ಯೆಯ ಮೂಲ ಕೇಳಿದರೆ ಸಂಖ್ಯೆಯೇ ಅಲ್ಲದ ಉತ್ತರ ಸಿಗುತ್ತದೆ. ಆದ್ದರಿಂದ ಅರೇಯನ್ನು ಮೊದಲೇ ಸಂಮಿಶ್ರ ಮಾಡಿ, ಮೂಲ ತೆಗೆದ ಮೇಲೆ ಚಿಹ್ನೆ ಪರೀಕ್ಷಿಸಿ, ಬೇಕಿದ್ದರೆ ತಿರುಗಿಸಿ.

ಒಂದು ಸ್ವಾರಸ್ಯ: ನಡುವಿನ ಪದರಗಳಲ್ಲಿ ನೀವು ಯಾವ ಮೂಲ ಆರಿಸಿದರೂ ಗಣಿತದ ಪ್ರಕಾರ ಅಂತಿಮ ಉತ್ತರ ಒಂದೇ, ಏಕೆಂದರೆ ಅಲ್ಲಿ ಎರಡೂ ತರಂಗಗಳು ಹೇಗೂ ಇರುತ್ತವೆ. ಭೌತಿಕವಾಗಿ ಆಯ್ಕೆ ಮುಖ್ಯವಾಗುವುದು ಕೊನೆಯ ಅನಂತ ಮಾಧ್ಯಮದಲ್ಲಿ. ನಡುವಿನ ಪದರಗಳಲ್ಲಿ ತಪ್ಪಿದರೆ ಕೆಡುವುದು ನಿಖರತೆ. ಯಾಕೆಂದು ಮುಂದೆ ನೋಡೋಣ. (ಬೆಳಕನ್ನು ವರ್ಧಿಸುವ ವಸ್ತುಗಳಲ್ಲಿ ಈ ನಿಯಮ ಹೀಗೇ ನಡೆಯುವುದಿಲ್ಲ. ಆ ದಾರಿಗೆ ಈ ಬರಹ ಹೋಗುವುದಿಲ್ಲ.)

ಎರಡು ಧ್ರುವೀಕರಣ, ಒಂದೇ ಸೂತ್ರ

ಪದರಗಳು ಸೇರುವ ಗಡಿಯಲ್ಲಿ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಗಡಿಗೆ ಸಮಾಂತರವಾದ ಘಟಕಗಳು ಮುರಿಯದೆ ಮುಂದುವರಿಯಬೇಕು. ಎಸ್ ಧ್ರುವೀಕರಣಕ್ಕೆ (ವಿದ್ಯುತ್ ಕ್ಷೇತ್ರ ಪೂರ್ತಿ ಗಡಿಗೆ ಸಮಾಂತರ) ವಿದ್ಯುತ್ ಕ್ಷೇತ್ರವನ್ನೂ ಪಿ ಧ್ರುವೀಕರಣಕ್ಕೆ (ಕಾಂತಕ್ಷೇತ್ರ ಪೂರ್ತಿ ಗಡಿಗೆ ಸಮಾಂತರ) ಕಾಂತಕ್ಷೇತ್ರವನ್ನೂ ಮೂಲ ಚರಾಂಶವಾಗಿ ಹಿಡಿದರೆ ಎರಡೂ ಒಂದೇ ಅಚ್ಚಿಗೆ ಬರುತ್ತವೆ. ವ್ಯತ್ಯಾಸವೆಲ್ಲ ಒಂದು ಸಂಖ್ಯೆಯಲ್ಲಿ ಅಡಗುತ್ತದೆ. ಅದನ್ನು ಗ ಎನ್ನೋಣ:

ಎಸ್ ಗೆ: ಗ = ಲ
ಪಿ ಗೆ: ಗ = ಲ / ನ²

ಜ ಮತ್ತು ಜ+1 ಪದರಗಳ ಗಡಿಯ ಪ್ರತಿಫಲನ ಗುಣಾಂಕ:

ಪ = [ಗ(ಜ) − ಗ(ಜ+1)] / [ಗ(ಜ) + ಗ(ಜ+1)]

ದಾಟುವ ಗುಣಾಂಕ 1 + ಪ. ಇವೇ ಫ್ರೆನೆಲ್ ಸೂತ್ರಗಳು, ಕೊಸೈನ್ ಇಲ್ಲದ ಉಡುಪಿನಲ್ಲಿ. ನೇರ ಪತನದಲ್ಲಿ ಎಸ್ ಮತ್ತು ಪಿ ಗುಣಾಂಕಗಳು ವಿರುದ್ಧ ಚಿಹ್ನೆಯಲ್ಲಿ ಬಂದರೆ ಗಾಬರಿಯಾಗಬೇಡಿ. ಒಂದು ವಿದ್ಯುತ್ ಕ್ಷೇತ್ರದ ಅನುಪಾತ, ಇನ್ನೊಂದು ಕಾಂತಕ್ಷೇತ್ರದ್ದು. ಪ್ರತಿಫಲನದಲ್ಲಿ ಅವೆರಡು ಒಟ್ಟಿಗೆ ತಿರುಗುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ಪೇರಿಸುವುದು

ಹೆಚ್ಚಿನವರು ಕಲಿಯುವುದು ವರ್ಗಾವಣೆ ಮ್ಯಾಟ್ರಿಕ್ಸ್ ವಿಧಾನ: ಪದರಕ್ಕೊಂದು ಎರಡು-ಎರಡರ ಮ್ಯಾಟ್ರಿಕ್ಸ್, ಎಲ್ಲವನ್ನೂ ಗುಣಿಸಿ. ನೋಡಲು ಸೊಗಸು. ಆದರೆ ಪ್ರತಿ ಮ್ಯಾಟ್ರಿಕ್ಸಿನಲ್ಲೂ ಕುಗ್ಗುವ ಘಾತದ ಜೊತೆ ಬೆಳೆಯುವ ಘಾತವೂ ಕೂತಿರುತ್ತದೆ. 633 ನ್ಯಾನೊಮೀಟರಿನಲ್ಲಿ ಚಿನ್ನದ ವಕ್ರೀಭವನಾಂಕ ಸುಮಾರು 0.18 + 3.43 ಐ ಎಂದುಕೊಳ್ಳಿ. ಒಂದು ಮೈಕ್ರೋಮೀಟರ್ ದಪ್ಪದ ಚಿನ್ನದಲ್ಲಿ ನೇರ ಪತನಕ್ಕೆ ಘಾತಾಂಕ 34. ಒಂದು ಪದ 10ರ 14ನೇ ಘಾತದ ಮಟ್ಟದಲ್ಲಿ, ಇನ್ನೊಂದು 10ರ −15ರ ಮಟ್ಟದಲ್ಲಿ. ನಡುವೆ 29 ದಶಮಾಂಶ ಸ್ಥಾನಗಳ ಅಂತರ. ಕಂಪ್ಯೂಟರಿನ ಡಬಲ್ ಸಂಖ್ಯೆ ಹಿಡಿದಿಟ್ಟುಕೊಳ್ಳುವುದು ಸುಮಾರು 16 ಸ್ಥಾನ. ಎರಡನ್ನೂ ಕೂಡಿದ ಕ್ಷಣದಲ್ಲಿ ಚಿಕ್ಕದು ಹೇಳಹೆಸರಿಲ್ಲದೆ ಮಾಯ.

ಮೋಸ ಏನೆಂದರೆ, ಪ್ರತಿಫಲನದ ಅಂಕೆ ಆಗಲೂ ಸರಿಯಾಗಿಯೇ ಬರಬಹುದು. ಕೋಡು ಸರಿ ಇದೆ ಎಂದು ನಂಬಿ ಮುಂದೆ ಹೋಗುತ್ತೀರಿ. ಮೇಲಿನಿಂದ ಕೆಳಕ್ಕೆ ಕ್ಷೇತ್ರವನ್ನು ಲೆಕ್ಕ ಹಾಕಿದಾಗ ಲೋಹದ ಆಳದಲ್ಲಿ ಅದು ಇದ್ದಕ್ಕಿದ್ದಂತೆ ಬೆಳೆಯತೊಡಗುತ್ತದೆ.

ಇದಕ್ಕೆ ಮದ್ದು ಹಳೆಯದು. ಎಕ್ಸ್-ರೇ ಪ್ರತಿಫಲನಕ್ಕಾಗಿ ಪ್ಯಾರಟ್ 1954ರಲ್ಲಿ ಪ್ರಕಟಿಸಿದ ಪುನರಾವರ್ತನ ಸೂತ್ರ. ಕೊನೆಯ ಮಾಧ್ಯಮದಿಂದ ಹೊರಟು ಮೇಲಕ್ಕೆ ಬರುತ್ತೇವೆ. ಜ ಪದರದ ತಳದಲ್ಲಿ ನಿಂತು ಕೆಳಗೆ ನೋಡಿದಾಗ ಕಾಣುವ ಒಟ್ಟು ಪ್ರತಿಫಲನವನ್ನು ಒ(ಜ) ಎನ್ನೋಣ. ಒಂದು ಪದರವನ್ನು ಒಮ್ಮೆ ದಾಟುವಾಗಿನ ಹಂತ ಬದಲಾವಣೆ ಹ (ಸೂತ್ರದಲ್ಲಿ ಘಾತ ಎಂದರೆ ಕೋಡಿನ exp ಫಂಕ್ಷನ್):

ಹ = ಘಾತ(ಐ × ಲ × ದ)

ಕೊನೆಯ ಮಾಧ್ಯಮದಿಂದ ಏನೂ ಮರಳುವುದಿಲ್ಲ, ಆದ್ದರಿಂದ ಅಲ್ಲಿ ಒ ಶೂನ್ಯ. ಆಮೇಲೆ ಪ್ರತಿ ಗಡಿಗೂ, ಜ+1 ಪದರದ ಹ ಬಳಸಿ:

ಒ(ಜ) = [ಪ + ಒ(ಜ+1) × ಹ²] / [1 + ಪ × ಒ(ಜ+1) × ಹ²]

ಒ(0) ಬಂದರೆ ಪ್ರತಿಫಲನ ಗುಣಾಂಕ ಕೈಗೆ ಬಂತು. ಅದರ ಪರಿಮಾಣದ ವರ್ಗವೇ ಪ್ರತಿಫಲನಾಂಶ. ಗಮನಿಸಿ, ಇಲ್ಲಿ ಬರುವ ಘಾತ ಕುಗ್ಗುವಂಥದ್ದು ಮಾತ್ರ. ಲೋಹದ ಪದರ ಒಂದು ಮೀಟರ್ ದಪ್ಪವಾದರೂ ಹ ಶೂನ್ಯಕ್ಕೆ ಇಳಿಯುತ್ತದೆ, ಅದರ ಹಿಂದೆ ಇರುವುದೆಲ್ಲ ತಾನಾಗಿ ಮರೆಯಾಗುತ್ತದೆ. ಭೌತಿಕವಾಗಿ ಆಗಬೇಕಾದದ್ದೂ ಅದೇ. ವರ್ಗಮೂಲದ ಚಿಹ್ನೆ ತಪ್ಪಿದರೆ ಮಾತ್ರ ಹ ಬೆಳೆಯತೊಡಗುತ್ತದೆ, ಹಳೆಯ ರೋಗ ಮರುಕಳಿಸುತ್ತದೆ.

ಈಗ ಕೆಳಗಿಳಿಯುತ್ತಾ ಕ್ಷೇತ್ರ

ಮೇಲಕ್ಕೆ ಬರುವಾಗ ಎಲ್ಲ ಒ, ಪ, ಹ ಗಳನ್ನು ಉಳಿಸಿಕೊಂಡಿರಿ. ಈಗ ಕೆಳಗಿಳಿಯೋಣ. ಜ ಪದರದ ನೆತ್ತಿಯಲ್ಲಿ ಕೆಳಮುಖ ತರಂಗದ ಪ್ರಮಾಣ ಮ(ಜ). ಬೆಳಕು ಬರುವ ಮಾಧ್ಯಮದಲ್ಲಿ, ಮೊದಲ ಗಡಿಯ ಬಳಿ, ಅದು 1; ಅಲ್ಲಿ ಹ(0) ಕೂಡ 1 ಎಂದು ಇಡಿ.

ಮ(ಜ+1) = ಮ(ಜ) × ಹ(ಜ) × (1 + ಪ) / [1 + ಪ × ಒ(ಜ+1) × ಹ(ಜ+1)²]

ಪದರದ ನೆತ್ತಿಯಿಂದ ಅಳೆದ ಆಳಕ್ಕೆ ಆ ಎಂಬ ಅಕ್ಷರ ಇಡೋಣ; ಅಲ್ಲಿ ಕೆಳಮುಖ ತರಂಗ ಮ × ಘಾತ(ಐ × ಲ × ಆ). ಮೇಲ್ಮುಖ ತರಂಗವನ್ನು ಪದರದ ತಳದಿಂದ ಅಳೆಯಿರಿ: ಮ × ಹ × ಒ × ಘಾತ(ಐ × ಲ × (ದ − ಆ)). ಕೂಡಿಸಿದರೆ ಆ ಬಿಂದುವಿನ ಕ್ಷೇತ್ರ. ಮೇಲ್ಮುಖ ತರಂಗವನ್ನೂ ನೆತ್ತಿಯಿಂದಲೇ ಅಳೆಯುವ ಅಭ್ಯಾಸ ಅನೇಕರಿಗೆ. ಬೆಳೆಯುವ ಘಾತ ಹಿಂಬಾಗಿಲಿನಿಂದ ನುಸುಳುವುದು ಅಲ್ಲೇ.

ಕೊನೆಯ ಮಾಧ್ಯಮದ ಮ ಯೇ ದಾಟುವಿಕೆಯ ಒಟ್ಟು ಗುಣಾಂಕ. ಶಕ್ತಿಯ ಲೆಕ್ಕಕ್ಕೆ ಅದರ ಪರಿಮಾಣದ ವರ್ಗವನ್ನು ಕೊನೆಯ ಗ ದ ವಾಸ್ತವ ಭಾಗದಿಂದ ಗುಣಿಸಿ, ಮೊದಲ ಗ ದ ವಾಸ್ತವ ಭಾಗದಿಂದ ಭಾಗಿಸಬೇಕು. ಈ ಗುಣಾಕಾರ ಮರೆತು "ಶಕ್ತಿ ಉಳಿಯುತ್ತಿಲ್ಲ" ಎಂದು ತಲೆ ಕೆಡಿಸಿಕೊಂಡವರು ಎಷ್ಟೋ ಮಂದಿ.

ಪಿ ಧ್ರುವೀಕರಣದಲ್ಲಿ ನೀವು ಪಡೆದದ್ದು ಕಾಂತಕ್ಷೇತ್ರ ಎಂಬುದು ನೆನಪಿರಲಿ. ಅದರಿಂದ ವಿದ್ಯುತ್ ಕ್ಷೇತ್ರದ ಎರಡು ಘಟಕಗಳನ್ನು ಹೊರತೆಗೆಯಬೇಕು: ಗಡಿಗೆ ಸಮಾಂತರವಾದದ್ದು ಲ / ನ² ಮತ್ತು ಎರಡು ತರಂಗಗಳ ವ್ಯತ್ಯಾಸದ ಗುಣಲಬ್ಧಕ್ಕೆ ಅನುಪಾತದಲ್ಲಿ, ಲಂಬವಾದದ್ದು ಸ / ನ² ಮತ್ತು ಅವುಗಳ ಮೊತ್ತದ ಗುಣಲಬ್ಧಕ್ಕೆ ಅನುಪಾತದಲ್ಲಿ, ಋಣ ಚಿಹ್ನೆಯೊಡನೆ. ಲಂಬ ಘಟಕ ಗಡಿಯಲ್ಲಿ ಜಿಗಿಯುತ್ತದೆ. ಗ್ರಾಫಿನಲ್ಲಿ ಆ ಜಿಗಿತ ಕಂಡರೆ ತಪ್ಪಲ್ಲ, ಕಾಣದಿದ್ದರೆ ತಪ್ಪು.

ಯಾವ ಪದರ ಎಷ್ಟು ಬೆಳಕು ಹೀರಿತು ಎಂದು ತಿಳಿಯಲು, ಯಾವುದೇ ಬಿಂದುವಿನಲ್ಲಿ ಕೆಳಕ್ಕೆ ಹರಿಯುವ ಶಕ್ತಿ ಹೀಗೆ: ಒಟ್ಟು ಕ್ಷೇತ್ರದ ಸಂಯುಗ್ಮವನ್ನು ಗ ದಿಂದಲೂ ಎರಡು ತರಂಗಗಳ ವ್ಯತ್ಯಾಸದಿಂದಲೂ ಗುಣಿಸಿ, ವಾಸ್ತವ ಭಾಗ ತೆಗೆಯಿರಿ, ಮೊದಲ ಗ ದ ವಾಸ್ತವ ಭಾಗದಿಂದ ಭಾಗಿಸಿದರೆ ಒಳಬಂದ ಶಕ್ತಿಯ ಅಂಶ ಸಿಗುತ್ತದೆ. ಪದರದ ನೆತ್ತಿಯ ಬೆಲೆಯಿಂದ ತಳದ ಬೆಲೆ ಕಳೆದರೆ ಹೀರಿಕೆ. ಸೌರಕೋಶದವರಿಗೆ ಬೇಕಾದ ಅಂಕೆ ಇದೇ.

ನಂಬುವ ಮುನ್ನ ಪರೀಕ್ಷಿಸಿ

ಕಾಗದದ ಮೇಲೆ ಲೆಕ್ಕ ಹಾಕಬಹುದಾದ ಉತ್ತರಗಳ ವಿರುದ್ಧ ಕೋಡನ್ನು ನಿಲ್ಲಿಸಿ. ನಾನು ಪ್ರತಿ ಸಲ ಬಳಸುವವು ಇವು.

ಗಾಳಿಯಿಂದ 1.52 ವಕ್ರೀಭವನಾಂಕದ ಗಾಜಿಗೆ ನೇರ ಪತನ: ಪ್ರತಿಫಲನ ಶೇಕಡಾ 4.26. ಅದರ ಮೇಲೆ 1.38 ವಕ್ರೀಭವನಾಂಕದ ಮೆಗ್ನೀಸಿಯಂ ಫ್ಲೋರೈಡ್, 550 ನ್ಯಾನೊಮೀಟರಿಗೆ ಕಾಲು ತರಂಗದ ದಪ್ಪ, ಅಂದರೆ 99.6 ನ್ಯಾನೊಮೀಟರ್: ಶೇಕಡಾ 1.26ಕ್ಕೆ ಇಳಿಯಬೇಕು. ದಪ್ಪವನ್ನು ಇಮ್ಮಡಿ ಮಾಡಿ. ಅರ್ಧ ತರಂಗದ ಪದರ ಆ ಬಣ್ಣಕ್ಕೆ ಇಲ್ಲದಂತೆಯೇ, ಮತ್ತೆ 4.26 ಬರಬೇಕು. ಪಿ ಧ್ರುವೀಕರಣದಲ್ಲಿ ಬರಿ ಗಾಜಿನ ಮೇಲೆ 56.66 ಡಿಗ್ರಿಯಲ್ಲಿ ಪ್ರತಿಫಲನ ಶೂನ್ಯ, ಅದು ಬ್ರೂಸ್ಟರ್ ಕೋನ.

ಮುಂದೆ ಕನ್ನಡಿ. ವಕ್ರೀಭವನಾಂಕ 2.35 ಮತ್ತು 1.46 ಇರುವ ಕಾಲು ತರಂಗದ ಪದರಗಳ 8 ಜೋಡಿ, ಗಾಳಿಯ ಬದಿಗೆ 2.35ರದ್ದು, ಕೆಳಗೆ ಗಾಜು. 550 ನ್ಯಾನೊಮೀಟರಿನಲ್ಲಿ ಶೇಕಡಾ 99.87. ಜೋಡಿಗಳನ್ನು ಹೆಚ್ಚಿಸುತ್ತಾ ಹೋದರೆ ಪ್ರತಿಫಲನದ ಪಟ್ಟಿ ಸುಮಾರು 478ರಿಂದ 647 ನ್ಯಾನೊಮೀಟರಿನ ನಡುವೆ ನೆಲೆಯಾಗಬೇಕು.

ಅಂಕೆ ಬೇಡದ ಪರೀಕ್ಷೆಗಳೂ ಇವೆ, ಅವೇ ಹೆಚ್ಚು ತಪ್ಪು ಹಿಡಿಯುವುದು. ಒಂದು ಪದರವನ್ನು ಅದೇ ವಸ್ತುವಿನ ಎರಡು ಪದರಗಳಾಗಿ ಒಡೆಯಿರಿ, ಉತ್ತರ ಕದಲಬಾರದು. ಅಟ್ಟಿಯನ್ನು ತಲೆಕೆಳಗು ಮಾಡಿ, ಸ ಅನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಬದಿಯಿಂದ ಬೆಳಕು ಬಿಡಿ: ನಡುವೆ ಲೋಹವಿದ್ದರೂ ದಾಟುವ ಶಕ್ತಿಯ ಅಂಶ ಒಂದೇ ಇರಬೇಕು, ಪ್ರತಿಫಲನ ಮಾತ್ರ ಬದಲಾಗಬಹುದು. ಪ್ರತಿಫಲನ, ದಾಟುವಿಕೆ ಮತ್ತು ಎಲ್ಲ ಪದರಗಳ ಹೀರಿಕೆ ಕೂಡಿ 1 ಆಗಬೇಕು. ದಾಟುವಿಕೆಯ ಸೂತ್ರದ ತಪ್ಪು, ಕ್ಷೇತ್ರದ ಲೆಕ್ಕದ ತಪ್ಪು ಎರಡೂ ಈ ಕೊನೆಯದರಲ್ಲಿ ಒಮ್ಮೆಲೇ ಸಿಕ್ಕಿಬೀಳುತ್ತವೆ. ಹೀರಿಕೆಯನ್ನು ಮಾತ್ರ ಶಕ್ತಿಯ ಹರಿವಿನಿಂದಲೇ ತೆಗೆಯಿರಿ. 1ರಿಂದ ಕಳೆದು ತೆಗೆದರೆ ಪರೀಕ್ಷೆ ಸದಾ ಪಾಸು!

ಒಂದು ಪೂರ್ತಿ ಉದಾಹರಣೆ: ಚಿನ್ನದ ಮೇಲಿನ ಪ್ಲಾಸ್ಮಾನ್

1.515 ವಕ್ರೀಭವನಾಂಕದ ಗಾಜಿನ ಪಟ್ಟಕ, ಅದರ ತಳಕ್ಕೆ 50 ನ್ಯಾನೊಮೀಟರ್ ಚಿನ್ನ, ಆಚೆ ಗಾಳಿ. ಬೆಳಕು 633 ನ್ಯಾನೊಮೀಟರಿನ ಕೆಂಪು ಲೇಸರ್, ಗಾಜಿನ ಒಳಗಿನಿಂದ. ಕ್ರೆಚ್‌ಮನ್ ಜೋಡಣೆ ಎಂದು ಇದಕ್ಕೆ ಹೆಸರು. ಜೈವಿಕ ಸಂವೇದಕಗಳಲ್ಲಿ ಬಹಳ ಬಳಕೆ.

ಪತನ ಕೋನವನ್ನು 40ರಿಂದ 50 ಡಿಗ್ರಿಯವರೆಗೆ 0.01 ಡಿಗ್ರಿ ಹೆಜ್ಜೆಯಲ್ಲಿ ಸರಿಸಿ. 41.3 ಡಿಗ್ರಿಯಲ್ಲಿ ಗಾಜು-ಗಾಳಿಯ ಕ್ರಾಂತಿಕ ಕೋನ, ಅಲ್ಲೊಂದು ಸಣ್ಣ ಮುರಿತ ಕಾಣುತ್ತದೆ. ಅಲ್ಲಿಂದಾಚೆ ಗಾಳಿಗೆ ಯಾವ ಶಕ್ತಿಯೂ ದಾಟುವುದಿಲ್ಲ. ಹಾಗಿದ್ದರೂ ಪಿ ಧ್ರುವೀಕರಣದಲ್ಲಿ 44 ಡಿಗ್ರಿಯ ಆಸುಪಾಸಿನಲ್ಲಿ ಪ್ರತಿಫಲನ ಧೊಪ್ಪನೆ ಬಿದ್ದು ಕೆಲವೇ ಶೇಕಡಾಕ್ಕೆ ಇಳಿಯುತ್ತದೆ. ಎಸ್ ನಲ್ಲಿ ಅಂಥ ಕುಸಿತವೇ ಇಲ್ಲ. ಬೆಳಕು ಹೋದದ್ದು ಎಲ್ಲಿಗೆ? ಚಿನ್ನದ ಹೀರಿಕೆ ಲೆಕ್ಕ ಹಾಕಿ, ಪೂರ್ತಿ ಅಲ್ಲೇ ಸಿಗುತ್ತದೆ. ಲೋಹದ ಎಲೆಕ್ಟ್ರಾನುಗಳೊಡನೆ ಬೆಸೆದು ಮೇಲ್ಮೈಗುಂಟ ಸಾಗುವ ತರಂಗವೊಂದು ಅದನ್ನು ಹಿಡಿದಿದೆ; ಅದೇ ಪ್ಲಾಸ್ಮಾನ್.

ಈಗ ಆ ಕೋನದಲ್ಲಿ ಕ್ಷೇತ್ರದ ಗ್ರಾಫ್ ಬಿಡಿಸಿ. ಚಿನ್ನದ ಗಾಳಿ ಬದಿಯ ಮೇಲ್ಮೈಯಲ್ಲಿ ಕ್ಷೇತ್ರ ತಾರಕಕ್ಕೇರಿ, ಗಾಳಿಯೊಳಗೆ ಸುಮಾರು 300 ನ್ಯಾನೊಮೀಟರಿನಲ್ಲಿ ಮೂರನೇ ಒಂದರಷ್ಟಕ್ಕೆ ಕುಗ್ಗುತ್ತದೆ. ಆ 300 ನ್ಯಾನೊಮೀಟರಿನೊಳಗೆ ಏನು ಬಂದು ಕೂತರೂ ಕುಸಿತದ ಕೋನ ಜರುಗುತ್ತದೆ. ಚಿನ್ನ ಮತ್ತು ಗಾಳಿಯ ನಡುವೆ 1.45 ವಕ್ರೀಭವನಾಂಕದ 2 ನ್ಯಾನೊಮೀಟರ್ ಪದರವೊಂದನ್ನು ಸೇರಿಸಿ ನೋಡಿ, ಸಂವೇದಕ ಕೆಲಸ ಮಾಡುವ ಬಗೆ ಎದುರಿಗೇ ಕಾಣುತ್ತದೆ.

ದಪ್ಪ ಗಾಜು, ಒರಟು ಅಂಕಿಅಂಶ

ಕೋಡು ಸರಿಯಿದ್ದೂ ಪ್ರಯೋಗದೊಂದಿಗೆ ಹೊಂದದಿದ್ದರೆ ಮೊದಲು ನೋಡಬೇಕಾದ ಜಾಗ ಆಧಾರದ ಗಾಜು. ಒಂದು ಮಿಲಿಮೀಟರ್ ಗಾಜನ್ನು ಪದರವಾಗಿ ಸೇರಿಸಿದರೆ ರೋಹಿತದ ತುಂಬ ಮುಳ್ಳುಗಳು: 550 ನ್ಯಾನೊಮೀಟರಿನ ಬಳಿ ಸುಮಾರು 0.1 ನ್ಯಾನೊಮೀಟರಿಗೊಂದು. ಮಾಮೂಲಿ ರೋಹಿತಮಾಪಕಕ್ಕೆ ಅವು ಕಾಣುವುದೇ ಇಲ್ಲ. ಅಲ್ಲಿ ಹಂತವನ್ನು ಮರೆತು ಶಕ್ತಿಗಳನ್ನೇ ಕೂಡಿಸಬೇಕು. ಮೇಲಿನ ಪೊರೆಗಳ ಪ್ರತಿಫಲನ ಮತ್ತು ದಾಟುವಿಕೆಯನ್ನು ಎರಡೂ ಬದಿಯಿಂದ ಲೆಕ್ಕ ಹಾಕಿ, ಗಾಜಿನ ತಳದ ಪ್ರತಿಫಲನದೊಂದಿಗೆ ಗುಣೋತ್ತರ ಶ್ರೇಢಿಯಾಗಿ ಸೇರಿಸಿ. ಬರಿ ಗಾಜಿನ ತುಂಡಿಗೆ ಇದು ಶೇಕಡಾ 8.17 ಕೊಡುತ್ತದೆ, ಒಂದು ಮುಖದ 4.26ರ ಇಮ್ಮಡಿಗಿಂತ ತುಸು ಕಡಿಮೆ.

ವಸ್ತುಗಳ ಅಂಕಿಅಂಶ ಎರಡನೇ ಶಂಕಿತ. ಚಿನ್ನ, ಬೆಳ್ಳಿಗೆ ಜಾನ್ಸನ್ ಮತ್ತು ಕ್ರಿಸ್ಟಿಯವರ 1972ರ ಅಳತೆಗಳನ್ನು ಎಲ್ಲರೂ ಬಳಸುತ್ತಾರೆ. ಕೋಷ್ಟಕದ ಬಿಂದುಗಳ ನಡುವೆ ಅಂದಾಜಿಸಬಹುದು, ಅಂಚಿನಾಚೆಗೆ ಎಳೆಯಬಾರದು. ನಿಮ್ಮ ಪೊರೆ ಬೇರೆ ಬಗೆಯಲ್ಲಿ ತಯಾರಾಗಿದ್ದರೆ ಅದರ ವಕ್ರೀಭವನಾಂಕವೂ ಬೇರೆಯೇ ಇರಬಹುದು.

ಇನ್ನೊಂದು ಚಿಕ್ಕ ಎಚ್ಚರಿಕೆ: ಮೇಲಿನಂಥ ಎರಡು ಕನ್ನಡಿಗಳ ನಡುವೆ ಅರ್ಧ ತರಂಗದ ಪದರವಿಟ್ಟರೆ ದಾಟುವಿಕೆಯ ಶಿಖರ ಒಂದು ನ್ಯಾನೊಮೀಟರಿಗಿಂತ ಎಷ್ಟೋ ಕಿರಿದು. ಒಂದು ನ್ಯಾನೊಮೀಟರಿಗೊಂದು ಬಿಂದು ಹಾಕಿದರೆ ಶಿಖರ ಬಿಂದುಗಳ ಸಂದಿಯಲ್ಲಿ ಜಾರಿಹೋಗುತ್ತದೆ. ಕೋಡು ಹೇಗೂ ವೇಗದ್ದು, ಬಿಂದುಗಳಲ್ಲಿ ಜಿಪುಣತನ ಬೇಡ.

ಇಲ್ಲಿಂದ ಮುಂದೆ

ಪದರಗಳ ನಡುವೆ ಬೆಳಕು ಹೊಮ್ಮಿಸುವ ಅಣು ಕೂತಿದೆ ಎನ್ನಿ, ಓಎಲ್‌ಇಡಿಯಲ್ಲಿರುವಂತೆ. ಅದರ ಕ್ಷೇತ್ರ ಎಲ್ಲ ಸ ಬೆಲೆಗಳ ಸಮತಲ ತರಂಗಗಳ ಮೊತ್ತ. 1909ರಲ್ಲಿ ಸೊಮರ್‌ಫೆಲ್ಡ್, ರೇಡಿಯೊ ಅಲೆಗಳು ನೆಲದ ಮೇಲೆ ಸಾಗುವ ಪ್ರಶ್ನೆಗೆ ಬರೆದ ಸಮಾಕಲನದ ಬಗೆಯದೇ. ಯಾವ ನೈಜ ಕೋನಕ್ಕೂ ಸೇರದ ದೊಡ್ಡ ಸ ಬೆಲೆಗಳೂ ಇದರಲ್ಲಿ ಬರುತ್ತವೆ. ಫಂಕ್ಷನ್ ಕೋನವನ್ನು ತೆಗೆದುಕೊಳ್ಳಬಾರದು ಎಂದದ್ದು ಇದಕ್ಕೇ. ಪದರಗಳಲ್ಲಿ ಸಿಕ್ಕಿಕೊಂಡ ತರಂಗಗಳಿಗೂ ಪ್ಲಾಸ್ಮಾನಿಗೂ ಸಮಾಕಲ್ಯದಲ್ಲಿ ಚೂಪು ಶಿಖರಗಳಿರುತ್ತವೆ. ವಾಸ್ತವ ಅಕ್ಷದ ಮೇಲೆ ಅವುಗಳೊಂದಿಗೆ ಗುದ್ದಾಡುವ ಬದಲು ಸಮಾಕಲನದ ದಾರಿಯನ್ನು ಸಂಮಿಶ್ರ ಸಮತಲದಲ್ಲಿ ತುಸು ಕೆಳಗೆ ಬಾಗಿಸಿ, ಶಿಖರಗಳು ಮುಗಿದ ಮೇಲೆ ಮರಳಿ ಅಕ್ಷಕ್ಕೆ ತನ್ನಿ. ಕೆಳಗೇ ಏಕೆಂದರೆ, ನಮ್ಮ ಚಿಹ್ನಾಪದ್ಧತಿಯಲ್ಲಿ ಧನ ಸ ಬದಿಯ ಧ್ರುವಗಳು (ಆ ಶಿಖರಗಳನ್ನು ಹುಟ್ಟಿಸುವ, ಸಮಾಕಲ್ಯ ಅನಂತವಾಗುವ ಬಿಂದುಗಳು) ಅಕ್ಷದ ಮೇಲೆ ಅಥವಾ ಮೇಲ್ಬದಿಗೆ ಇರುತ್ತವೆ. ಒಂದು ಎಚ್ಚರ: ಬಾಗಿದ ದಾರಿಯ ಮೇಲೆ ವರ್ಗಮೂಲದ ಚಿಹ್ನೆ ನಡುದಾರಿಯಲ್ಲಿ ಜಿಗಿಯದೆ, ಅಕ್ಷದ ಮೇಲಿನ ಬೆಲೆಯಿಂದ ನಿರಂತರವಾಗಿ ಮುಂದುವರಿಯಬೇಕು.

ಪದರಗಳು ದ್ರವಸ್ಫಟಿಕದಂತೆ ದಿಕ್ಕಿಗೊಂದು ವಕ್ರೀಭವನಾಂಕ ಇರುವಂಥವಾದರೆ ಎಸ್ ಮತ್ತು ಪಿ ಬೆರೆಯುತ್ತವೆ, ಬೆರೆಮನ್ 1972ರಲ್ಲಿ ಕೊಟ್ಟ ನಾಲ್ಕು-ನಾಲ್ಕರ ಮ್ಯಾಟ್ರಿಕ್ಸ್ ಬೇಕಾಗುತ್ತದೆ. ಒಂದು ಪದರದಲ್ಲಿ ಗೆರೆ ಗೆರೆಯಾಗಿ ಪಟ್ಟಿಗಳನ್ನು ಕೊರೆದರೆ ಬೇರೆ ಬೇರೆ ಸ ಬೆಲೆಗಳೇ ಒಂದಕ್ಕೊಂದು ಬೆಸೆಯುತ್ತವೆ. ಮೊಹರಂ ಮತ್ತು ಗೇಲಾರ್ಡ್ 1981ರಲ್ಲಿ ಬರೆದ ವಿಧಾನದ ಕೆಲಸ ಅಲ್ಲಿ ಶುರು. ಇವೆರಡರಲ್ಲೂ ಒ ಒಂದು ಸಂಖ್ಯೆಯಾಗಿ ಉಳಿಯದೆ ಮ್ಯಾಟ್ರಿಕ್ಸ್ ಆಗುತ್ತದೆ, ಭಾಗಾಕಾರದ ಜಾಗಕ್ಕೆ ವಿಲೋಮ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ಅದೇ, ಬೆಳೆಯುವ ಘಾತವನ್ನು ಹೊರಗಿಡುವ ಶಿಸ್ತೂ ಅದೇ. ಆ ದೊಡ್ಡ ಕೋಡನ್ನು ಬರೆದು ಮುಗಿಸಿದ ದಿನ ಮೊದಲು ಮಾಡಬೇಕಾದದ್ದು: ಪಟ್ಟಿಗಳಿಗೂ ಸಂದಿಗಳಿಗೂ ಒಂದೇ 1.38 ವಕ್ರೀಭವನಾಂಕ ಕೊಟ್ಟು ಓಡಿಸಿ, 1.26 ಬರುತ್ತದೆಯೇ ನೋಡುವುದು.